ಕಾವಲು ತೆರೆಯದ ಸಭೆ

ಶಿನ್ಯಾಂಗಾ

ಮಗಳೇ ಮಿಂಜಾ,

ನೀನು ಮಣ್ಣು ಸೇರಿದ ಮೇಲಿನ ಮೊದಲ ಬೇಸಿಗೆಯಿದು. ಹುಲ್ಲು, ಮರ ಬೆಳೆಯಲೆಂದು ಊರು ಮುಚ್ಚಿಟ್ಟಿರುವ ಕಾವಲನ್ನು ಅವಧಿಗೆ ಮುನ್ನವೇ ದನಗಳಿಗೆ ತೆರೆಯಬೇಕೇ ಎಂದು ತೀರ್ಮಾನಿಸಲು ಇಂದು ಊರಸಭೆ ಸೇರಿತ್ತು. ನನ್ನ ಹಸುಗಳ ಪಕ್ಕೆಲುಬು ಕಾಣುತ್ತಿರುವುದರಿಂದ, ತೆರೆಯಬೇಕೆನ್ನುವವರೆಲ್ಲ ನನ್ನತ್ತ ನೋಡಿದರು.

"ಏನಯ್ಯಾ ಮಿಂಜಾಳ ಅಪ್ಪ, ಕಾಲೇಜಲ್ಲಿ ಅಷ್ಟ್ ವಾದ ಮಾಡಿದ ಬಾಯಿಗೆ ಈಗ ಬೀಗ ಬಿತ್ತಾ?" ಎಂದು ಕಬುಲಾ ಅಜ್ಜಿ ಕೆಣಕಿದರು.

ಎದ್ದು ನಿಂತು, ಹಿಂದೆ ಇದೇ ಸಭೆಯಲ್ಲಿ ನನಗೆ ವಿರುದ್ಧವಾಗಿ ನೀನು ಮಂಡಿಸಿ ಗೆದ್ದಿದ್ದ ವಾದವನ್ನೇ ಮಂಡಿಸಿದೆ: ಕಡಿದ ಮೋಟುಗಳಲ್ಲಿ ಜೀವವಿದೆ, ಚಿಗುರನ್ನು ಕಾದರೆ ಕಾಡು ತಾನಾಗಿ ಮರಳುತ್ತದೆ, ಮಳೆ ಕೈಕೊಟ್ಟ ವರ್ಷವೂ ದನಕ್ಕೆ ಹುಲ್ಲಿರುತ್ತದೆ. ಅದರಲ್ಲಿ ಒಂದು ಪದವನ್ನೂ ತಿದ್ದಬೇಕಾಗಲಿಲ್ಲ. ಕಾವಲು ಮುಚ್ಚಿಯೇ ಇರಲೆಂದು ಸಭೆ ಒಪ್ಪಿತು.

ಚರ್ಚೆಯಲ್ಲಿ ಸೋತವನು ತಾನೇ ಎದ್ದು ಹೋಗಿ ಗೆದ್ದವರ ಕೈ ಕುಲುಕಬೇಕೆಂಬುದು ನಮ್ಮ ಕಾಲೇಜಿನ ನಿಯಮವಾಗಿತ್ತು. ಸಂಜೆ ಕಾವಲಿಗೆ ಹೋದೆ. ನೀನು ಕಾದ ಮೋಟಿನಿಂದ ಎದ್ದ ಜಾಲಿ ನನಗಿಂತ ಎತ್ತರ ಬೆಳೆದಿದೆ. ಕೈಚಾಚಿ ಅದರ ಮುಳ್ಳಿನ ಕೊಂಬೆಯನ್ನು ಹಿಡಿದೆ.

ನಿನ್ನ ಅಪ್ಪ