ಸೊಕ್ಕೆಗೆ ಹೊರಟ ಅಜ್ಜಿಯ ಸೀರೆ

ಅಮ್ಮ,

ನೀನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನನ್ನ ಬಸ್ಸು ಹೋಗಿಬಿಡುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಸಾರು ಒಲೆಯ ಮೇಲಿದೆ. ಬಿಪಿ ಮಾತ್ರೆ ನುಂಗಿ ಆಮೇಲೆ ಮುಂದೆ ಓದು.

ದಸರಾ ರಜೆಯ ಸೇವಾ ಶಿಬಿರದಲ್ಲಿ ನಮ್ಮ ಕಾಲೇಜಿನವರು ಸೊಕ್ಕೆಯಲ್ಲಿ ಕಟ್ಟಿಕೊಡುವ ಮನೆ ಹೇಮಾ ಚಿಕ್ಕಮ್ಮನದು ಎಂದು ನಿನ್ನೆ ಹೇಳಿದಾಗ ನೀನು "ಅಲ್ಲಿ ಬಿಸ್ಲು ಜಾಸ್ತಿ ಐತೆ, ತಲೆಗೆ ಏನಾರ ಕಟ್ಕೊ" ಎಂದಷ್ಟೇ ಹೇಳಿ ಒಳಗೆ ಹೋದೆ. ತಾನು ಬರುವವರೆಗೂ ಕಾಯದೆ ಅಜ್ಜಿಯನ್ನು ಮಣ್ಣು ಮಾಡಿದಿರಿ ಎಂದು ಅತ್ತುಕೊಂಡು ಹೋದ ನಿನ್ನ ತಂಗಿ, ಆರು ವರ್ಷದಿಂದ ಈ ಕಡೆ ತಿರುಗಿ ನೋಡಿಲ್ಲ. ಈಗ ಅವಳ ಗೋಡೆಗೆ ನಾನು ಇಟ್ಟಿಗೆ ಹೊರಬೇಕು. ಅವಳನ್ನು ಚಿಕ್ಕಮ್ಮ ಅನ್ನಲೋ, ಗೆಳತಿಯರಂತೆ ಆಂಟಿ ಅನ್ನಲೋ?

ಬೆಳಿಗ್ಗೆ ನೋಡಿದರೆ ನನ್ನ ಬ್ಯಾಗಿನ ತಳದಲ್ಲಿ ಅಜ್ಜಿಯ ಹಸಿರು ಸೀರೆ! ನಾನು ಹೊದೆಯಲೆಂದು ಇಟ್ಟೆಯಾ, ಚಿಕ್ಕಮ್ಮನಿಗೆ ಕೊಡಲೆಂದಾ? ಹೊದೆಯಲು ಆದರೆ ಇಸ್ತ್ರಿ ಯಾಕೆ ಮಾಡಿದೆ? ಆದರೆ ನೀನು ತಲೆದಿಂಬಿನ ಕವರಿಗೂ ಇಸ್ತ್ರಿ ಮಾಡುವವಳು. ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತಾ? ಎರಡು ಸಲ ತೆಗೆದು ಹೊರಗಿಟ್ಟೆ, ಎರಡು ಸಲ ಮತ್ತೆ ಒಳಗೆ ಹಾಕಿದೆ.

ಕೊನೆಗೆ ಹೊದೆಯಲು ನನ್ನ ದುಪ್ಪಟಿಯನ್ನೇ ತುರುಕಿಕೊಂಡಿದ್ದೇನೆ. ಸೀರೆ ಚಿಕ್ಕಮ್ಮನಿಗೆ ಕೊಡುತ್ತೇನೆ, ನೀನೇ ಕಳಿಸಿದ್ದು ಅನ್ನುತ್ತೇನೆ. ತಪ್ಪಾಗಿದ್ದರೆ ಬಂದ ಮೇಲೆ ಬೈಯಿ.

ಸಂಜೆ ಫೋನ್ ಮಾಡುತ್ತೇನೆ. ಆ ಕಡೆಯಿಂದ ಮಾತಾಡುವವಳು ನಾನಲ್ಲದಿದ್ದರೂ ಫೋನ್ ಇಡಬೇಡ.

ಧನು