ತಾಳೆಗರಿಯ ಕೊಂಬುಗಳನ್ನು ಮುಟ್ಟುಗೋಲು ಹಾಕಿಕೊಂಡವರಿಗೆ

ನಮ್ಮ ಘೇಂಡಾಮೃಗ ಧಾಮದ ಪ್ರವಾಸೋದ್ಯಮ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ಕಳೆದ ಮಂಗಳವಾರ ತಮ್ಮ ಸಿಬ್ಬಂದಿ ಧಾಮದ ಗೇಟಿನ ಬಳಿ ಇರುವ ನನ್ನ ಅಂಗಡಿಗೆ ಬಂದು ಒಂದು ಗೋಣಿಚೀಲದ ತುಂಬ ಕೊಂಬುಗಳನ್ನು ಹೊತ್ತುಕೊಂಡು ಹೋದರು. ಮೊದಲಿಗೆ ಅಭಿನಂದನೆ. ತಾವು ಈ ಕುರ್ಚಿಯಲ್ಲಿ ಕುಳಿತ ಮೇಲೆ ಇಲ್ಲಿ ಸಿಕ್ಕಿಬಿದ್ದ ಕೊಂಬುಗಳೆಂದರೆ ಇವೇ. ಅವು ತಾಳೆಗರಿಯಲ್ಲಿ ಹೆಣೆದವು, ಒಳಗೆಲ್ಲ ಟೊಳ್ಳು, ಮೂಗಿಗೆ ಕಟ್ಟಿಕೊಳ್ಳಲು ದಾರ ಬೇರೆ ಇತ್ತು ಎಂಬುದು ಸಣ್ಣ ವಿಷಯ. ದೊಡ್ಡ ವಿಷಯವೆಂದರೆ, ನಿಜವಾದ ಕೊಂಬೊಂದು ತಮ್ಮ ಅಪ್ಪಣೆಯಿಂದಲೇ ಗೋಗೊ ಎಂಬ ಹೆಣ್ಣು ಘೇಂಡಾಮೃಗದ ಮೂತಿಯ ಮೇಲೆ ಬೆಳೆಯುತ್ತಿದೆ, ಅದರ ಹಿಂದೆ ನನ್ನ ಗಂಡ ಬಂದೂಕು ಹಿಡಿದು ನಡೆಯುತ್ತಿದ್ದಾರೆ. ಅದನ್ನು ಕತ್ತರಿಸಿ ಎಂದು ಕೇಳಲು ಈ ಪತ್ರ.

ನಮ್ಮ ಮಾತಿನಲ್ಲಿ ಗೋಗೊ ಎಂದರೆ ಅಜ್ಜಿ. ಆ ಹೆಸರಿಟ್ಟವರು ತಮ್ಮ ಕಚೇರಿಯವರಲ್ಲ, ವರ್ಷಾನುಗಟ್ಟಲೆ ಅವಳ ಹಿಂದೆ ಮುಳ್ಳುಪೊದೆಗಳಲ್ಲಿ ಅಲೆದ ಗಾರ್ಡುಗಳು. ಮೂರು ಚಳಿಗಾಲದ ಹಿಂದೆ ಪಶುವೈದ್ಯರು ಬಂದು, ಮದ್ದು ಕೊಟ್ಟು ಮಲಗಿಸಿ, ಧಾಮದ ಎಲ್ಲ ಘೇಂಡಾಮೃಗಗಳ ಕೊಂಬನ್ನೂ ಗರಗಸದಿಂದ ಕತ್ತರಿಸಿದರು. ಉಗುರು ಕತ್ತರಿಸಿದ ಹಾಗೆ, ಬೆಳೆದಂತೆಲ್ಲ ಮತ್ತೆ ಕತ್ತರಿಸುತ್ತಾರೆ. ಪ್ರಾಣಿಗಳು ಎದ್ದು, ಮೈ ಕೊಡವಿ, ಮೇಯಲು ಹೋದವು. ಅಂದಿನಿಂದ ಕೊಂಬುಗಳ್ಳರು ನಮ್ಮ ಬೇಲಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆದರೆ ಪ್ರವಾಸಿಗರು ಮುನಿಸಿಕೊಂಡರು. ಅಷ್ಟು ದೂರದಿಂದ ವಿಮಾನ ಹತ್ತಿ ಬಂದವರಿಗೆ ಬೋಳು ಮೂತಿಯ ಪ್ರಾಣಿ ತೋರಿಸುತ್ತೀರಲ್ಲ ಎಂದು ಒಬ್ಬರು ಲಾಡ್ಜಿನ ಊಟದ ಮೇಜಿನಲ್ಲಿ ದೂರಿದರಂತೆ. ತಮ್ಮ ಕರುಳು ಚುರುಕ್ ಎಂದಿರಬೇಕು. ಗೋಗೊ ಲಾಡ್ಜಿನ ಮುಂದಿನ ಹೊಂಡಕ್ಕೆ ದಿನವೂ ನೀರಿಗೆ ಬರುವವಳು, ಫೋಟೊ ಚೆನ್ನಾಗಿ ಬರುತ್ತದೆ, ಇನ್ನು ಮುಂದೆ ಅವಳೊಬ್ಬಳ ಕೊಂಬನ್ನು ಮಾತ್ರ ಮುಟ್ಟಬಾರದು ಎಂದು ಆಜ್ಞೆ ಹೊರಡಿಸಿದಿರಿ. ಕಳ್ಳರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಧಾಮ ಇನ್ನೊಂದಿರಲಾರದು. ಯಾವುದನ್ನು ಹೊಡೆಯಬೇಕು ಎಂದು ಹುಡುಕುವ ಕಷ್ಟವೇ ಅವರಿಗಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು ಒಂದೇ.

"ನಾಂಡಿಯ ಅಪ್ಪಾ, ಅಜ್ಜಿ ಕೊಂಬು ಎಷ್ಟಾಯ್ತು?"

"ಗೇಣಿಗೆ ಬಂತು."

"ಹಂಗಾದ್ರೆ ನಿಮ್ಮ ಆಯಸ್ಸು ಎಷ್ಟಕ್ಕೆ ಬಂತು?"

"ಗಂಜಿ ಬಡಿಸು, ಮಾಸಿತೋಲೆ. ಆರ್ತಾ ಇದೆ."

ತವರಿನ ಹೆಸರು ಹಿಡಿದು ನನ್ನನ್ನು ಮಾಸಿತೋಲೆ ಎನ್ನುವ ನನ್ನ ಗಂಡ ಭೆಕಾನಿ ಹೆಚ್ಚು ಮಾತಿನವರಲ್ಲ. ಮಾತಾಡುವ ಕೆಲಸವನ್ನು ದೇವರು ನನಗೆ ವಹಿಸಿದ್ದಾನೆ.

ಆ ಗರಿಯ ಕೊಂಬು ಹುಟ್ಟಿದ ಕಥೆಯನ್ನೂ ಕೇಳಿಬಿಡಿ. ನಾನು ಗೇಟಿನ ಬಳಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಅಮಗ್ವಿನ್ಯ ಮತ್ತು ಚಹಾ ಮಾರುತ್ತೇನೆ, ಗಿರಾಕಿ ಇಲ್ಲದಾಗ ಇಲಾಲ ತಾಳೆಯ ಗರಿಯಲ್ಲಿ ಬುಟ್ಟಿ ಹೆಣೆಯುತ್ತೇನೆ. ಒಂದು ದಿನ ಧಾಮ ನೋಡಿ ಬಂದ ಕಾರಿನಲ್ಲಿ ಒಂದು ಹೆಣ್ಣುಮಗು, ಪ್ರಾಣಿಗೆ ಕೊಂಬೇ ಇಲ್ಲ ಎಂದು ಹಟ ಹಿಡಿದು ಅಳುತ್ತಿತ್ತು. ಬುಟ್ಟಿಗೆ ಹಿಡಿದ ಗರಿಯನ್ನೇ ಚೂಪಾಗಿ ತಿರುಗಿಸಿ, ದಾರ ಕಟ್ಟಿ, ಅದರ ಮೂಗಿಗೇ ಕೊಂಬು ತೊಡಿಸಿದೆ. ಮಗು ನಕ್ಕಿತು. ಅದರ ಅಪ್ಪ ತನಗೂ ಒಂದು ಬೇಕೆಂದ. ಆಮೇಲೆ ದೊಡ್ಡ ದೊಡ್ಡ ಹೊಟ್ಟೆಯ ಗಂಡಸರು ಕೊಂಬು ಕಟ್ಟಿಕೊಂಡು, ನಾಲ್ಕು ಕಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು ನಮ್ಮ ಗೇಟಿನ ನಿತ್ಯದ ನೋಟವಾಯಿತು. ಪ್ರವಾಸಿಗರಿಗೆ ಫೋಟೊದಲ್ಲಿ ಕೊಂಬು ಬೇಕಿತ್ತು, ಸಿಕ್ಕಿತು. ತಮ್ಮ ತಲೆನೋವನ್ನು ಬಿಟ್ಟಿಯಾಗಿ ಇಳಿಸಿದೆನಲ್ಲ ಎಂಬ ಹೆಮ್ಮೆಯಿಂದ ಒಂದು ಕೊಂಬನ್ನು ತಮ್ಮ ಕಚೇರಿಗೂ ಕಳಿಸಿ, ಇನ್ನಾದರೂ ಗೋಗೊಳದನ್ನು ತೆಗೆಸಿ ಎಂದು ಹೇಳಿಸಿದೆ. ಉತ್ತರ ಬರಲಿಲ್ಲ.

ಜೂನ್‌ನಲ್ಲಿ ಕಳ್ಳರು ಬಂದರು. ಬೇರೆ ಯಾವ ಘೇಂಡಾಮೃಗದ ಹತ್ತಿರವೂ ಹೋಗದೆ ನೆಟ್ಟಗೆ ತಮ್ಮ ಫೋಟೊದ ಹೊಂಡಕ್ಕೇ ಬಂದರು. ಗುಂಡು ಹಾರಿತು. ಗೋಗೊ ಪೊದೆಗೆ ನುಗ್ಗಿ ಉಳಿದಳು. ನನ್ನ ಗಂಡನ ಜೊತೆಗಾರ ಸಿಬೊನೆಲೊನ ತೊಡೆಗೆ ಪೆಟ್ಟು ಬಿತ್ತು. ಲಾಡ್ಜಿನಲ್ಲಿ ಬೆಚ್ಚಿ ಎದ್ದವರಿಗೆ ತಮ್ಮವರು ಗುಡುಗು ಎಂದು ಹೇಳಿ ಹಣ್ಣಿನ ರಸ ಕೊಟ್ಟರಂತೆ. ಜೂನ್‌ನಲ್ಲಿ ನಮ್ಮ ಕಡೆಯ ಒಣ ಚಳಿಗಾಲದಲ್ಲಿ ಗುಡುಗುತ್ತದೆ ಎಂಬುದು ನಾವು ಹುಟ್ಟಿದಾರಭ್ಯ ಕೇಳದ ಸುದ್ದಿ. ಆಸ್ಪತ್ರೆಯಲ್ಲಿ ಸಿಬೊನೆಲೊನನ್ನು ನೋಡಲು ಹೋದಾಗ ಅವನು, "ಮಾ, ನನ್ನ ಮೂತಿ ಮೇಲೇನಾದ್ರೂ ಕೊಂಬು ಬಂದಿದ್ಯಾ ನೋಡಿ, ನನಗ್ಯಾಕೆ ಹೊಡೆದ್ರು?" ಎಂದು ತಮಾಷೆ ಮಾಡಿದ. ಅವನ ಹೆಂಡತಿ ನಗಲಿಲ್ಲ. ನಾನೂ ನಗಲಿಲ್ಲ. ಎದ್ದು ಓಡಾಡುವಂತಾದರೂ ಅವನು ಇನ್ನು ಕಾಡು ತಿರುಗುವ ಕೆಲಸಕ್ಕಿಲ್ಲ. ಅವನ ಪಾಲಿನ ಪಾಳಿಯನ್ನೂ ಈಗ ನನ್ನ ಗಂಡ ಮಾಡುತ್ತಾರೆ.

ಇಷ್ಟಾದ ಮೇಲೆ ತಮ್ಮ ಕಚೇರಿ ಎಚ್ಚೆತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗೆ ನನ್ನ ಅಂಗಡಿಗೆ ಬಂದರು. ಬಂದವನು ಇಸ್ತ್ರಿ ಹಾಕಿದ ಅಂಗಿಯ ಹೊಸಬ.

"ಮಾ, ಕೊಂಬು ಮಾರೋದು ಅಪರಾಧ."

"ಇದು ಗರಿ ಕಣಪ್ಪ. ಮೂಸಿ ನೋಡು."

"ನೋಡೋಕೆ ಕೊಂಬಿನ ಹಾಗೇ ಇದೆಯಲ್ಲ."

"ನೋಡೋಕೆ ನೀನೂ ಅಧಿಕಾರಿ ಹಾಗೇ ಇದ್ದೀಯ. ಹಂಗಂತ ನಾನು ನಂಬಿಬಿಡ್ಲಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನ ಮುಖ ಸಪ್ಪಗಾಯಿತು. "ನಂಗೂ ಗೊತ್ತು ಮಾ, ಮೇಲಿನವರ ಮಾತು, ಏನ್ಮಾಡ್ಲಿ?" ಎಂದು ಪಿಸುಗುಟ್ಟಿ, ಚೀಲ ಹೊತ್ತುಕೊಂಡ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಗೋಗೊಳಿಗೂ ಅವನಿಗೂ ಕೊಂಬು ತೊಡಿಸಿದವರು ತಾವೇ.

ಮಾನ್ಯರೇ, ಒಂದು ಮಾತು ಕೇಳುತ್ತೇನೆ, ಉದ್ಧಟತನ ಎಂದುಕೊಳ್ಳಬೇಡಿ. ಪ್ರಾಣಿಯ ಸೊಬಗು ಅಷ್ಟು ಮುಖ್ಯವಾದರೆ ಆ ಸೊಬಗನ್ನು ಕಾಯಲು ತಾವೇ ಏಕೆ ಒಂದು ದಿನ ಬರಬಾರದು? ಗೋಣಿಯಲ್ಲಿ ಬೇಕಾದಷ್ಟು ಕೊಂಬುಗಳಿವೆ. ತಮ್ಮ ಮೂಗಿಗೆ ಸರಿಹೊಂದುವುದೊಂದನ್ನು ಕಟ್ಟಿಕೊಂಡು ಗೋಗೊಳ ಪಕ್ಕದಲ್ಲಿ ಹೊಂಡದ ದಡಕ್ಕೆ ನಡೆದು ನೋಡಿ. ಪೊದೆ ಅಲ್ಲಾಡಿದಾಗ ಏನನ್ನಿಸುತ್ತದೆ ಎಂದು ಆಮೇಲೆ ಊಟದ ಮೇಜಿನಲ್ಲಿ ಅತಿಥಿಗಳಿಗೆ ತಾವೇ ವಿವರಿಸಬಹುದು. ಪ್ರವಾಸಿಗರು ಬರಬಾರದೆಂದು ನಾನು ಹೇಳುತ್ತಿಲ್ಲ. ನನ್ನ ಒಲೆ ಉರಿಯುವುದೂ ಅವರಿಂದಲೇ. ಕೊಂಬಿಲ್ಲದ, ಆದರೆ ಉಸಿರಾಡುವ ಘೇಂಡಾಮೃಗವನ್ನು ನೋಡಿ ಹೋಗಲಿ ಎನ್ನುತ್ತೇನೆ. ಏಕೆ ಕತ್ತರಿಸಿದ್ದೇವೆ ಎಂದು ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ಅಂಗಡಿಯಲ್ಲಿ ಎಷ್ಟೋ ಸಲ ನಾನೇ ಹೇಳಿದ್ದೇನೆ, ಒಬ್ಬರೂ ಜಗಳಕ್ಕೆ ಬರಲಿಲ್ಲ.

ಮುಂದಿನ ವಾರ ಮರಿಗಳ ಕೊಂಬು ಕತ್ತರಿಸಲು ಪಶುವೈದ್ಯರು ಬರುತ್ತಿದ್ದಾರೆ. ಗರಗಸ ಬರುತ್ತದೆ, ಮದ್ದು ಬರುತ್ತದೆ, ಹೇಗೂ ಬರುವವರು. ಗೋಗೊಳನ್ನು ಬಿಡಬೇಕೆಂಬ ಆಜ್ಞೆಯನ್ನು ತಾವು ಹಿಂದಕ್ಕೆ ಪಡೆದರೆ ಸಾಕು, ಉಳಿದದ್ದು ಅವರು ಮಾಡುತ್ತಾರೆ. ನನ್ನ ಗರಿಯ ಕೊಂಬುಗಳನ್ನು ವಾಪಸ್ ಕೊಡಿ ಎಂದು ಕೇಳುವುದಿಲ್ಲ. ಲಾಡ್ಜಿನ ಗೋಡೆಗೆ ಹೊಡೆಸಿಕೊಳ್ಳಿ, ತಾವೇ ಬೇಟೆಯಾಡಿದ್ದು ಎಂದು ಅತಿಥಿಗಳಿಗೆ ಹೇಳಿಕೊಳ್ಳಿ, ನಾನು ಸಾಕ್ಷಿ ನುಡಿಯುತ್ತೇನೆ.

ಇಷ್ಟು ಹೊತ್ತು ನಗಿಸಲು ನೋಡಿದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿದೆ. ಗಂಡ ಸತ್ತವಳು ನಮ್ಮಲ್ಲಿ ವರ್ಷವಿಡೀ ಕಪ್ಪು ಉಡುತ್ತಾಳೆ ಎಂಬುದು ತಮಗೂ ಗೊತ್ತು. ಸಿಬೊನೆಲೊನಿಗೆ ಗುಂಡು ತಗುಲಿದ ಮರುದಿನ ಪೇಟೆಯ ಬಟ್ಟೆ ಅಂಗಡಿಯ ಮುಂದೆ ಹಾದುಹೋಗುವಾಗ, ನನಗೇ ತಿಳಿಯದಂತೆ ನನ್ನ ಕೈ ಕಪ್ಪು ಬಟ್ಟೆಯ ಥಾನನ್ನು ಮುಟ್ಟಿ ಅದರ ದಪ್ಪ ನೋಡುತ್ತಿತ್ತು. ಅಂಗಡಿಯವಳು ಎಷ್ಟು ಬೇಕು ಎಂದು ಕೇಳಿದಳು. ಸದ್ಯಕ್ಕೆ ಬೇಡ ಎಂದು ಹೇಳಿ ಬಂದೆ.

ಇಂತಿ,
ಇನ್ನೂ ಕಪ್ಪು ಉಡದ,
ಬಾಫಿಕಿಲೆ ಮಾಸಿತೋಲೆ
ಗೇಟಿನ ಬಳಿಯ ಚಹಾ ಅಂಗಡಿ