ನಾಲ್ಕನೇ ಕಂಪ್ಯೂಟರಿನ ಬಾಗಿಲು

ಗೇಮ್ ಸೆಂಟರ್ ನಡೆಸುವ ಅಣ್ಣನವರಿಗೆ,

ಮಾತೆತ್ತಿದರೆ ಹಕ್ಕು, ಅನ್ಯಾಯ ಅಂತಾನೆಂದು ನೀವು 'ಕರಪತ್ರ' ಎಂದು ಗೇಲಿ ಮಾಡುವವನೇ ಬರೆಯುತ್ತಿದ್ದೇನೆ.

ಎರಡೂ ಹಳೆಯ ಶೂಟಿಂಗ್ ಗೇಮುಗಳನ್ನು ನಾಳೆ ಅಳಿಸುತ್ತೀರಂತೆ. ಏಕೆಂದು ಕೇಳಿದರೆ, "ಹೊಸದ್ರಲ್ಲಿ ರಕ್ತ ಕೂಡ ಹೊಳೆಯುತ್ತೆ ಕಣೋ, ಇನ್ನೇನು ಬೇಕು ನಿಂಗೆ?" ಎಂದಿರಿ. ಹೊಳೆಯಲಿ. ಅದರಲ್ಲಿ ಒಂದು ಗೋಡೆಯ ಬಣ್ಣ ಬದಲಿಸುವ ಹಕ್ಕಾದರೂ ನಮಗಿದೆಯೇ? ಹಳೆಯವುಗಳಲ್ಲಿ ಗೋಡೆ, ಬಾಗಿಲು ಸಮೇತ ನಮ್ಮದೇ ಮ್ಯಾಪ್ ಕಟ್ಟಬಹುದಿತ್ತು. ಅವು ನಮ್ಮನ್ನು ಕೆಲಸಗಾರರೆಂದು ನಂಬಿದ್ದವು. ಹೊಸದಕ್ಕೆ ನಾವು ಬರೀ ಗಿರಾಕಿಗಳು. ಇದು ಅನ್ಯಾಯ, ಅದಕ್ಕೆ ನೀವು ಮಣೆ ಹಾಕುತ್ತಿದ್ದೀರಿ!

ನಾಲ್ಕನೇ ಕಂಪ್ಯೂಟರಿನಲ್ಲಿ ನಾನು ಕಟ್ಟಿದ ಮ್ಯಾಪ್ ಇದೆ. ಅಪ್ಪ ತೀರಿಕೊಂಡ ಮೇಲೆ ಕೆಡವಿದರಲ್ಲ, ಅವರ ಬುಕ್ ಬೈಂಡಿಂಗ್ ಅಂಗಡಿ, ಅದೇ. ಕಾಗದ ಕತ್ತರಿಸುವ ಯಂತ್ರ, ಅಂಟಿನ ಡಬ್ಬಿ, ಅವರ ಸ್ಟೂಲು ಎಲ್ಲವೂ ಇವೆ. ಶತ್ರುಗಳನ್ನೂ ಬಂದೂಕನ್ನೂ ತೆಗೆದಿದ್ದೇನೆ. ಅಲ್ಲಿ ಸುಮ್ಮನೆ ಓಡಾಡಬಹುದು, ಅಷ್ಟೆ.

ಭಾನುವಾರ ಅಮ್ಮನಿಗೆ ತೋರಿಸಿದೆ. ಬಾಗಿಲು ಮೇಲಕ್ಕೆ ಸರಿದದ್ದು ನೋಡಿ ನಕ್ಕುಬಿಟ್ಟಳು. ಆಮೇಲೆ, "ನಿಮ್ಮಪ್ಪ ಭುಜದಿಂದ ಒಳಕ್ಕೆ ತಳ್ತಿದ್ರು ಕಣೋ. ಎರಡೂ ಕೈಲಿ ಪುಸ್ತಕ ಇರ್ತಿತ್ತಲ್ಲ," ಎಂದಳು.

ನಾನು ಕಟ್ಟಿದ್ದು ಮೊದಲ ಗೇಮಿನಲ್ಲಿ, ಅದರಲ್ಲಿ ಬಾಗಿಲು ಮೇಲಕ್ಕಷ್ಟೇ ಸರಿಯುತ್ತದೆ. ಎರಡನೆಯದರಲ್ಲಿ ತಳ್ಳಿದರೆ ಒಳಕ್ಕೆ ತೆರೆಯುವ ಬಾಗಿಲು ಇಡಬಹುದು. ಅಂಗಡಿಯನ್ನು ಅದರಲ್ಲಿ ಮತ್ತೆ ಕಟ್ಟಬೇಕು, ನಮ್ಮ ಮನೆಯಲ್ಲಿ ಕಂಪ್ಯೂಟರಿಲ್ಲ.

ಉಳಿದವುಗಳಲ್ಲಿ ರಕ್ತ ಹರಿಸಿಕೊಳ್ಳಿ. ನಾಲ್ಕನೆಯದನ್ನು ಮಾತ್ರ ಒಂದು ವಾರ ಮುಟ್ಟಬೇಡಿ. ಮುಂದಿನ ಭಾನುವಾರ ಅಮ್ಮನೂ ಬರುತ್ತಾಳೆ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರಲಿ. ಈ ಸಲ ಬಾಗಿಲನ್ನು ಅವಳೇ ತಳ್ಳಲಿ.

ಬರೀ ಗಿರಾಕಿಯಲ್ಲದ,
ಕರಪತ್ರ